ಬೇಬಿ ಸಿಟ್ಟಿಂಗ್ ಮನೆಯಲ್ಲಿ ಲೋಟ ಯಾರದು, ಹಾಲು-ನೀರು ಯಾರದು?

ಮನೆಯಲ್ಲೇ ಐದಾರು ಮಕ್ಕಳನ್ನು ನೋಡಿಕೊಳ್ಳುವವರು ಮೊದಲ ಮಗುವನ್ನು ಸೇರಿಸಿಕೊಳ್ಳುವ ಮುಂಚೆಯೇ ತೀರ್ಮಾನಿಸಬೇಕಾದ ವಿಷಯವಿದು. ಹಾಗೇ ಬಿಟ್ಟರೆ ತಿಂಗಳೊಳಗೆ ಪಡಸಾಲೆಯಲ್ಲಿ ಹೆಸರಿಲ್ಲದ ಸಿಪ್ಪರ್‌ಗಳು, ಮುಚ್ಚಳ ಕಳೆದ ಬಾಟಲಿಗಳು ಸೇರಿಕೊಳ್ಳುತ್ತವೆ. ಒಬ್ಬರ ಮನೆಯಿಂದ ಬಾದಾಮಿ ಹಾಲು, ಇನ್ನೊಬ್ಬರ ಮನೆಯಿಂದ ಬಣ್ಣದ ಶರಬತ್ತು ಬರುತ್ತದೆ. ಬರಿ ನೀರು ತಂದ ಮಗು ಅವೆರಡನ್ನೂ ನೋಡಿ ಅಳುತ್ತದೆ.

ತೀರ್ಮಾನಕ್ಕೆ ಒಂದೇ ಸೂತ್ರ ಸಾಕು. ಎಲ್ಲ ಮಕ್ಕಳೂ ಕುಡಿಯುವುದನ್ನು, ಅದನ್ನು ಕುಡಿಯುವ ಲೋಟವನ್ನು ನೀವು ಕೊಡಬೇಕು. ಒಂದು ಕೂಸಿಗೆ ಮಾತ್ರ ಬೇಕಾದದ್ದನ್ನು ಆ ಕೂಸಿನ ಮನೆಯವರು ತರಬೇಕು. ನೀರು, ಹಾಲು, ಮಜ್ಜಿಗೆ, ಅಂಬಲಿ ಮತ್ತು ಸ್ಟೀಲ್ ಲೋಟ ನಿಮ್ಮವು. ಎದೆಹಾಲು, ಕೂಸಿನ ಪುಡಿಹಾಲು (ಫಾರ್ಮುಲಾ), ವೈದ್ಯರು ಹೇಳಿದ ವಿಶೇಷ ಪಾನೀಯ, ಚಿಕ್ಕ ಕೂಸಿನ ಬಾಟಲಿ ಅಥವಾ ಒಳಲೆ (ಹಾಲು ಕುಡಿಸುವ ಮೂತಿಯ ಪುಟ್ಟ ಪಾತ್ರೆ) ಅವರವು. ಮಿಕ್ಕಿದ ಯಾವುದೂ ಹೊಸ್ತಿಲು ದಾಟಿ ಒಳಗೆ ಬರಬೇಕಿಲ್ಲ.

‘ಎಲ್ಲವನ್ನೂ ಮನೆಯಿಂದಲೇ ಕಳಿಸಿಬಿಡ್ತೀವಿ, ನಿಮಗ್ಯಾಕ ತ್ರಾಸು’ ಎಂದು ಪಾಲಕರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನಮ್ಮ ಕಡೆಯ ಬಿಸಿಲು ಅದಕ್ಕೆ ಅವಕಾಶ ಕೊಡುವುದಿಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ದಾಟುವುದೂ ಉಂಟು. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಹಾಲಿನಲ್ಲಿ ರೋಗಾಣು ಬೆಳೆಯುತ್ತದೆ. ಹೊರಗಿನ ಶಾಖ 32 ಡಿಗ್ರಿ ಮೀರಿದ ದಿನ ಕಾಯಿಸಿದ ಹಾಲನ್ನೂ ಒಂದು ತಾಸಿಗಿಂತ ಹೆಚ್ಚು ಹೊರಗಿಡಬಾರದು. ಬೆಳಿಗ್ಗೆ 8ಕ್ಕೆ ಕಾಯಿಸಿ ಬಾಟಲಿಗೆ ಹಾಕಿ, ಸ್ಕೂಟರ್ ಡಿಕ್ಕಿಯಲ್ಲಿಟ್ಟು ತಂದು, 11ಕ್ಕೆ ಕುಡಿಸಿದರೆ ಮೂರು ತಾಸು ಆಯಿತು. ಒಡೆದ ಹಾಲನ್ನು ಮೂಗು ಗುರುತಿಸುತ್ತದೆ. ಕೆಟ್ಟಿದ್ದರೂ ಒಡೆಯದ ಹಾಲನ್ನು ಗುರುತಿಸುವುದು ಕಷ್ಟ, ಭೇದಿ ತರುವುದು ಅದೇ. ಬೆಚ್ಚಗಿರಲಿ ಎಂದು ಥರ್ಮಾಸ್‌ನಲ್ಲಿ ಹಾಲು ಕಳಿಸುವುದು ಇನ್ನೂ ಅಪಾಯ, ಏಕೆಂದರೆ ಉಗುರುಬೆಚ್ಚಗಿನ ಶಾಖವನ್ನು ತಾಸುಗಟ್ಟಲೆ ಹಿಡಿದಿಡುವುದೇ ಆ ಪಾತ್ರೆಯ ಕೆಲಸ. ಥರ್ಮಾಸ್‌ನಲ್ಲಿ ನಿಮ್ಮಲ್ಲೇ ಕುದಿಸಿದ ಬಿಸಿನೀರು ಮಾತ್ರ ಇರಲಿ.

ಲೋಟ

ಬಾಂಡೆ ಅಂಗಡಿಯಲ್ಲಿ ಮಗುವಿಗೆ ಎರಡರಂತೆ ಸ್ಟೀಲ್ ಲೋಟ ಕೊಳ್ಳಿ. ಆರು ಮಕ್ಕಳಿದ್ದರೆ 12, ಮೇಲೆ ಎರಡು ಹೆಚ್ಚಿಗೆ. ಒಂದೂವರೆ ವರ್ಷದೊಳಗಿನವರಿಗೆ 50-60 ಮಿ.ಲೀ. ಹಿಡಿಯುವ ಪುಟ್ಟ ಲೋಟ, ಅದಕ್ಕಿಂತ ದೊಡ್ಡವರಿಗೆ 120-150 ಮಿ.ಲೀ. ಲೋಟ ನೋಡಿ. ಬಾಯಂಚು ಹೊರಕ್ಕೆ ಮಡಚಿ ದುಂಡಗಿರಬೇಕು, ಬೆರಳಾಡಿಸಿದರೆ ಎಲ್ಲೂ ಗೀರಬಾರದು. ತಳ ಅಗಲವಿದ್ದರೆ ಬೇಗ ಉರುಳುವುದಿಲ್ಲ. ತೀರ ತೆಳು ತಗಡಿನ ಲೋಟ ಬೇಡ. ಬಿಸಿ ಹಾಲು ಹಾಕಿದರೆ ಕೈ ಸುಡುತ್ತದೆ, ಕಲ್ಲಿನ ನೆಲಕ್ಕೆ ನಾಲ್ಕು ಸಲ ಬಿದ್ದರೆ ಅಂಚು ತಗ್ಗಾಗಿ ತುಟಿ ಕೊಯ್ಯುತ್ತದೆ.

ಹೆಸರನ್ನು ಅಂಗಡಿಯಲ್ಲೇ ಕೊರೆಸಿಬಿಡಿ. ಮದುವೆಯ ಆಹೇರಿ ಪಾತ್ರೆಗೆ ಹೆಸರು ಹಾಕುವ ಅದೇ ಯಂತ್ರದಿಂದ ಹಾಕಿಕೊಡುತ್ತಾರೆ. ಮಕ್ಕಳಿಗೆ ಓದಲು ಬಾರದು, ಹಾಗಾಗಿ ಹೆಸರಿನ ಜೊತೆ ಒಂದು ಗುರುತೂ ಇರಲಿ: ಚಿಕ್ಕಿ (ನಕ್ಷತ್ರ), ಮೀನು, ಎಲೆ, ಗಾಲಿ. ಮಗು ಬಿಟ್ಟುಹೋದ ಮೇಲೂ ಲೋಟ ಉಪಯೋಗಕ್ಕೆ ಬರಬೇಕೆಂದರೆ ಹೆಸರು ಬಿಟ್ಟು ಗುರುತನ್ನಷ್ಟೇ ಕೊರೆಸಿ, ಯಾವ ಗುರುತು ಯಾರದೆಂದು ಗೋಡೆಯ ಮೇಲೆ ಬರೆದಿಡಿ. ಟೇಪು ಅಂಟಿಸಬೇಡಿ. ನೀರಿಗೆ ಬಿಡುತ್ತದೆ, ಬಿಟ್ಟ ಚೂರು ಬಾಯಿಗೆ ಹೋಗುತ್ತದೆ. ಉಗುರುಬಣ್ಣವೂ ಹಾಗೇ ಸಿಪ್ಪೆ ಏಳುತ್ತದೆ.

ಸಿಪ್ಪರ್ ಏಕೆ ಬೇಡ ಎಂದು ಪಾಲಕರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಒಂದು ಸಿಪ್ಪರ್‌ನಲ್ಲಿ ಡಬ್ಬಿ, ಮುಚ್ಚಳ, ನಳಿಕೆ, ವಾಲ್ವ್, ರಬ್ಬರ್ ಬಳೆ ಎಂದು ಐದು ಭಾಗ. ಆರು ಮಕ್ಕಳಿಗೆ 30 ಭಾಗಗಳನ್ನು ದಿನಕ್ಕೆರಡು ಸಲ ಬಿಚ್ಚಿ, ತೊಳೆದು, ಒಣಗಿಸಿ, ಸರಿಯಾಗಿ ಜೋಡಿಸಬೇಕು. ಆ ಕೆಲಸ ಪೂರ್ತಿ ಆಗುವುದಿಲ್ಲ. ವಾಲ್ವಿನೊಳಗೆ, ರಬ್ಬರ್ ಬಳೆಯ ಅಡಿಯಲ್ಲಿ ಹಾಲು ಉಳಿದು ಕಪ್ಪು ಬೂಷ್ಟು ಹಿಡಿಯುತ್ತದೆ, ಮೇಲಿಂದ ನೋಡಿದರೆ ಸ್ವಚ್ಛವಾಗಿಯೇ ಕಾಣುತ್ತದೆ. ಮಕ್ಕಳು ಬಣ್ಣ ನೋಡಿ ಒಬ್ಬರದನ್ನೊಬ್ಬರು ಚೀಪುತ್ತಾರೆ, ನೆಗಡಿ ಒಂದೇ ವಾರದಲ್ಲಿ ಎಲ್ಲರನ್ನೂ ಸುತ್ತುತ್ತದೆ. ಚೆಲ್ಲುವುದಿಲ್ಲ ಎಂಬ ಒಂದೇ ಅನುಕೂಲಕ್ಕೆ ಇಷ್ಟು ಬೆಲೆ ಕೊಡುವುದು ಸರಿಯಲ್ಲ. ತೆರೆದ ಲೋಟದಲ್ಲಿ ಕುಡಿಯಲು ಕಲಿಯುವ ಮಗು ಮೊದಲ ಹದಿನೈದು ದಿನ ಚೆಲ್ಲುತ್ತದೆ. ಲೋಟದಲ್ಲಿ ಎರಡು ಗುಟುಕು, ಅಂದರೆ 30 ಮಿ.ಲೀ. ಮಾತ್ರ ಹಾಕಿ, ಖಾಲಿಯಾದಂತೆ ಮತ್ತೆ ಹಾಕುತ್ತ ಹೋದರೆ ಚೆಲ್ಲುವುದೂ ಅಷ್ಟೇ.

ಬಾಟಲಿ ಬಿಡದ ಮಗು ಸೇರಿದರೆ ಒಂದು ತಿಂಗಳ ಅವಧಿ ಕೊಡಿ. ಮೊದಲ ವಾರ ನೀರನ್ನು ಮಾತ್ರ ಲೋಟದಲ್ಲಿ, ಎರಡನೇ ವಾರ ಸಂಜೆಯ ಹಾಲು, ಕೊನೆಗೆ ಮಲಗುವ ಮುಂಚಿನ ಹಾಲು. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗಿಸುವುದನ್ನು ಮೊದಲ ದಿನದಿಂದಲೇ ನಿಲ್ಲಿಸಿ. ಹಾಲಿನ ಸಕ್ಕರೆ ರಾತ್ರಿಯಿಡೀ ನಿಂತು ಮುಂದಿನ ಹಲ್ಲುಗಳನ್ನು ತಿನ್ನುತ್ತದೆ, ಉಸಿರುಗಟ್ಟುವ ಅಪಾಯವೂ ಇದೆ. ದಿಂಬಿಗೆ ಆನಿಸಿ ಬಾಟಲಿ ನಿಲ್ಲಿಸುವುದನ್ನಂತೂ ಯಾವ ಕೆಲಸದ ಒತ್ತಡದಲ್ಲೂ ಮಾಡಬಾರದು.

ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ಬಳಸಿ ಬಿಸಾಡುವ ಲೋಟ, ಸ್ಟ್ರಾಗಳ ಮೇಲೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ. ಹುಟ್ಟುಹಬ್ಬಕ್ಕೆ ಪಾಲಕರು ಅಂಥದ್ದನ್ನು ತಂದರೆ ವಾಪಸು ಕಳಿಸಿ. ಮೆಲಮೈನ್ ಕಪ್ಪಿಗೆ ಬಿಸಿ ಹಾಲು ಹಾಕಬಾರದು. ತಾಮ್ರದ ತಂಬಿಗೆಯಲ್ಲಿ ನೀರಿಡಬಹುದು, ಆದರೆ ಮಜ್ಜಿಗೆ, ಲಿಂಬೆಯ ಪಾನಕದಂಥ ಹುಳಿ ಪದಾರ್ಥ ತಾಮ್ರಕ್ಕೂ ಹಿತ್ತಾಳೆಗೂ ಬೇಡ. ಕಲಾಯಿ ಹೋದ ಪಾತ್ರೆಯಾದರೆ ಇನ್ನೂ ಕೆಟ್ಟದ್ದು.

ಲೋಟದ ವಿಷಯದಲ್ಲಿ ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ‘ನಮ್ಮ ಮಗುವಿನ ಲೋಟ ಬೇರೆ ಇರಲಿ’ ಎಂದು ಕೆಲವರು ಕೇಳುತ್ತಾರೆ. ಎಂಜಲಾಗಬಾರದು ಎಂಬುದು ಕಾರಣವಾದರೆ ಉತ್ತರ ಸುಲಭ: ಇಲ್ಲಿ ಪ್ರತಿ ಮಗುವಿಗೂ ಗುರುತಿನ ಲೋಟವಿದೆ, ಒಬ್ಬರದು ಒಬ್ಬರಿಗಿಲ್ಲ. ಜಾತಿ ಕಾರಣವಾದರೆ ಒಪ್ಪಲೇಬಾರದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅದರ ಆಚರಣೆಯನ್ನು ಅಪರಾಧವೆನ್ನುತ್ತದೆ. ಎಲ್ಲ ಲೋಟಗಳೂ ಒಂದೇ ವಯಸ್ಸಿನವರಿಗೆ ಒಂದೇ ಅಳತೆಯವು, ಒಂದೇ ಅಂಗಡಿಯವು, ಒಂದೇ ಬುಟ್ಟಿಯಲ್ಲಿ ತೊಳೆಯುವಂಥವು, ಒಂದೇ ಸ್ಟ್ಯಾಂಡಿನ ಮೇಲೆ ಬೋರಲು ಹಾಕುವಂಥವು ಆಗಿರಬೇಕು. ಲೋಟಗಳನ್ನು ಪಾಲಕರು ತರುವುದಕ್ಕಿಂತ ನೀವೇ ಕೊಡುವುದು ಒಳ್ಳೆಯದೆನ್ನಲು ಇದೂ ಒಂದು ಗಟ್ಟಿ ಕಾರಣ. ಒಬ್ಬರ ಮಗು ಬೆಳ್ಳಿ ಲೋಟ, ಇನ್ನೊಬ್ಬರ ಮಗು ಬಣ್ಣ ಹೋದ ಪ್ಲಾಸ್ಟಿಕ್ ಲೋಟ ಹಿಡಿದು ಕೂರುವಂತಾಗಬಾರದು.

ತೊಳೆಯುವುದು ಹೀಗೆ: ಕುಡಿದಾದ ಕೂಡಲೇ ನೀರಲ್ಲಿ ಜಾಲಿಸಿ. ಮಧ್ಯಾಹ್ನ ಮತ್ತು ಸಂಜೆ ಸಾಬೂನು ಹಚ್ಚಿ ಮೆತ್ತನೆಯ ಸ್ಕ್ರಬ್ಬರಿನಿಂದ ತಿಕ್ಕಿ, ಧಾರಾಳ ನೀರಲ್ಲಿ ಎರಡು ಸಲ ತೊಳೆಯಿರಿ. ತಂತಿ ಬ್ರಷ್ ಬೇಡ, ಅದರ ಎಳೆ ಲೋಟದ ತಳದಲ್ಲಿ ಉಳಿಯುತ್ತದೆ. ಸಂಜೆ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ 5 ನಿಮಿಷ ಕುದಿಸಿ, ಒಂದು ವರ್ಷದೊಳಗಿನ ಕೂಸಿನ ಲೋಟ-ಒಳಲೆಗಳನ್ನು ಪ್ರತಿ ಸಲ ಕುದಿಸಿ. ಬೋರಲು ಹಾಕಿ ತಾನಾಗಿ ಒಣಗಲು ಬಿಡಿ. ಅಡುಗೆಮನೆಯ ಅರಿವೆಯಿಂದ ಒರೆಸಿದರೆ ಕುದಿಸಿದ್ದು ವ್ಯರ್ಥ. ಹಸಿ ಇರುವಾಗ ಒಂದರೊಳಗೊಂದು ಸೇರಿಸಿದರೆ ವಾಸನೆ ಹಿಡಿಯುತ್ತದೆ. ಸವಳು ನೀರಿನಿಂದ ಲೋಟದೊಳಗೆ ಬಿಳಿ ಪದರು ಕಟ್ಟುತ್ತದೆ, ಹಿಂಡಿದ ಲಿಂಬೆ ಹೋಳಿನಿಂದ ವಾರಕ್ಕೊಮ್ಮೆ ಉಜ್ಜಿದರೆ ಬಿಡುತ್ತದೆ.

ನೀರು

ನೀರನ್ನು ಪಾಲಕರ ಮೇಲೆ ಹಾಕಬೇಡಿ. ಬಾಟಲಿಯಲ್ಲಿ ತಂದ ನೀರು ಸಾಕಾಗುವುದಿಲ್ಲ, ಮುಗಿದ ಮೇಲೆ ಹೇಗೂ ನಿಮ್ಮ ನೀರನ್ನೇ ತುಂಬಬೇಕು. ಆಗ ಯಾವ ನೀರಿನಿಂದ ಹೊಟ್ಟೆ ಕೆಟ್ಟಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಹೊಣೆ ಒಂದೇ ಕಡೆ ಇರಲಿ.

ಎಷ್ಟು ಬೇಕು? ಒಂದರಿಂದ ಮೂರು ವರ್ಷದ ಮಗುವಿಗೆ ಹಾಲು-ನೀರು ಸೇರಿ ದಿನಕ್ಕೆ ಸುಮಾರು 1 ಲೀಟರ್, ನಾಲ್ಕೈದು ವರ್ಷದ ಮಗುವಿಗೆ ಸುಮಾರು 1.2 ಲೀಟರ್ ಪಾನೀಯ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಿಮ್ಮ ಮನೆಯಲ್ಲಿರುವ 8-9 ತಾಸಿನಲ್ಲಿ ಮಗುವಿಗೆ 600-700 ಮಿ.ಲೀ. ಎಂದು ಹಿಡಿಯಿರಿ. ಆರು ಮಕ್ಕಳಿಗೆ ಹೆಚ್ಚೆಂದರೆ 4.2 ಲೀಟರ್ ಆಯಿತು, ಅಂಬಲಿ-ಮಜ್ಜಿಗೆ ಕಲಸಲು ಎರಡು ಲೀಟರ್, ದೊಡ್ಡವರು ಕುಡಿಯಲು ಬೇರೆ. ದಿನಕ್ಕೆ 10 ಲೀಟರ್ ಕುಡಿಯುವ ನೀರು ಇಟ್ಟುಕೊಂಡರೆ ತಾಪತ್ರಯವಿಲ್ಲ. 20 ಲೀಟರಿನ ಒಂದು ಕ್ಯಾನ್ ಎರಡು ದಿನಕ್ಕೆ ಬರುತ್ತದೆ. ಮೂರನೇ ದಿನ ಉಳಿದಿದ್ದರೆ ಗಿಡಕ್ಕೆ ಹಾಕಿ. ಪಾತ್ರೆ ತೊಳೆಯುವ ನೀರಿನ ಲೆಕ್ಕ ಬೇರೆಯೇ.

ಯಾವ ನೀರು ಎಂಬುದು ಊರಿನ ಮೇಲೆ ನಿಂತಿದೆ. ಬೆಳಗಾವಿಯ ಕೆಲವು ವಾರ್ಡುಗಳಲ್ಲಿ 2008ರಿಂದಲೇ 24 ತಾಸೂ ನಳದ ನೀರು ಬರುವ ವ್ಯವಸ್ಥೆ ಶುರುವಾಯಿತು. ಅಂಥ ಕಡೆ ನಳದ ನೀರನ್ನು ಸೋಸಿ ಕುದಿಸಿದರೆ ಸಾಕು. ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಟಾಕಿಯಲ್ಲಿ ನಿಂತ ನೀರನ್ನು ಕುದಿಸದೆ ಮಕ್ಕಳಿಗೆ ಕೊಡಬಾರದು. ಚೆನ್ನಾಗಿ ಕುದಿ ಬಂದ ಮೇಲೆ ಒಂದೆರಡು ನಿಮಿಷ ಬಿಟ್ಟು ಇಳಿಸಿ.

ಬೋರ್ ನೀರಿನ ಕಥೆ ಬೇರೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತದೆ ಅಷ್ಟೇ. ಮಣ್ಣಿನ ರಂಜಣಿಗೆಯಲ್ಲಿ ಇಟ್ಟರೂ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಹುಟ್ಟಿನಿಂದ ಎಂಟು ವರ್ಷದವರೆಗೆ ಕಾಯಂ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಕಾಲ, ಹಲ್ಲಿನ ಮೇಲೆ ಕಂದು ಕಲೆ ಬೀಳುವುದು ಆಗಲೇ. ಅದಕ್ಕೇ ಬೇಬಿ ಸಿಟ್ಟಿಂಗ್ ಮನೆಯವರಿಗೆ ಈ ಎಚ್ಚರ ಉಳಿದವರಿಗಿಂತ ಹೆಚ್ಚು ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಅಥವಾ ಮನೆಯ ಆರ್‌ಒ ಯಂತ್ರದ ನೀರು ಬಳಸಿ. ಟಿಡಿಎಸ್ ಮೀಟರ್ ಅದ್ದಿ ನೋಡಿ ನೀರು ಒಳ್ಳೆಯದೆಂದು ಹೇಳಲಾಗದು. ಅದು ಕರಗಿದ ಲವಣಗಳ ಒಟ್ಟು ಮೊತ್ತ ತೋರಿಸುತ್ತದೆ, ಫ್ಲೋರೈಡನ್ನಾಗಲಿ ರೋಗಾಣುವನ್ನಾಗಲಿ ಬೇರೆಯಾಗಿ ತೋರಿಸುವುದಿಲ್ಲ. ಜಲ ಜೀವನ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟಿದ್ದಾರೆ, ಕೇಳಿ ಮಾಡಿಸಿ. ಪರೀಕ್ಷೆಯ ಫಲಿತಾಂಶದ ಚೀಟಿಯನ್ನು ಪಾಲಕರಿಗೆ ಕಾಣುವಂತೆ ಅಡುಗೆಮನೆ ಬಾಗಿಲಿಗೆ ಅಂಟಿಸಿ.

ಆರ್‌ಒ ನೀರು ಘಟಕದಲ್ಲಿ ಶುದ್ಧವಾಗಿದ್ದರೂ ಕ್ಯಾನಿನಲ್ಲಿ ಕೆಡುತ್ತದೆ. ಕ್ಯಾನನ್ನು ಪ್ರತಿ ಸಲ ತುಂಬುವ ಮುಂಚೆ ಉದ್ದ ಬ್ರಷ್ ಹಾಕಿ ತೊಳೆಯಬೇಕು, ಬಿಸಿಲಲ್ಲಿಟ್ಟರೆ ಹಸಿರು ಪಾಚಿ ಕಟ್ಟುತ್ತದೆ. ತಂಪಿಗೆ ರಂಜಣಿಗೆ ಬಹಳ ಒಳ್ಳೆಯದು, ಆದರೆ ನಳ ಇರುವುದನ್ನೇ ಕೊಳ್ಳಿ. ಮಕ್ಕಳು ಲೋಟ ಅದ್ದುವ ರಂಜಣಿಗೆಯಲ್ಲಿ ಕೈಯ ಕೊಳೆಯೆಲ್ಲ ಇಳಿಯುತ್ತದೆ. ಎರಡು ದಿನಕ್ಕೊಮ್ಮೆ ಬರಿದು ಮಾಡಿ ಒಳಗಡೆ ತಿಕ್ಕಿ ಒಣಗಿಸಿ.

ಮಕ್ಕಳು ನೀರು ಕೇಳಲು ಮರೆಯುತ್ತಾರೆ. ತಾಸಿಗೊಮ್ಮೆ ನೀವೇ ಲೋಟ ಮುಂದಿಡಿ. ಆರು ತಿಂಗಳು ತುಂಬದ ಕೂಸಿಗೆ ಮಾತ್ರ ಎಂಥ ಬಿಸಿಲಿದ್ದರೂ ನೀರು ಬೇಡ, ಎದೆಹಾಲಿನಲ್ಲೇ ಅದರ ನೀರಿದೆ. ಆರು ತಿಂಗಳ ನಂತರ ಊಟದ ಜೊತೆ ಗುಟುಕು ಗುಟುಕಾಗಿ, ದಿನಕ್ಕೆ 120ರಿಂದ 240 ಮಿ.ಲೀ. ಒಳಗೆ.

ಹಾಲು, ಮಜ್ಜಿಗೆ, ಅಂಬಲಿ

ಒಂದು ವರ್ಷ ತುಂಬಿದ ಮಕ್ಕಳಿಗೆಲ್ಲ ಒಂದೇ ಹಾಲು, ಒಂದೇ ಅಳತೆ. 150 ಮಿ.ಲೀ. ಸರಿಯಾದ ಅಳತೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಮಗುವಿಗೆ ಕೊಡುವುದೂ ಇಷ್ಟೇ. ದಿನಕ್ಕೆ ಒಂದೇ ಸಲ ಸಾಕು. ಮನೆಯಲ್ಲಿ ಬೆಳಿಗ್ಗೆ-ರಾತ್ರಿ ಕುಡಿದಿರುತ್ತಾರೆ, ಹಾಲು ಅತಿಯಾದರೆ ಊಟ ಸೇರದೆ ರಕ್ತದಲ್ಲಿ ಕಬ್ಬಿಣಾಂಶ ಇಳಿಯುತ್ತದೆ. ನಂದಿನಿ ಪ್ಯಾಕೆಟ್ ಆಗಲಿ, ಗೌಳಿಗರ ಹಾಲಾಗಲಿ ಬಂದ ಕೂಡಲೇ ಉಕ್ಕಿಸಿ. ಅಗಲ ಪಾತ್ರೆಗೆ ಸುರಿದು, ಆ ಪಾತ್ರೆಯನ್ನು ತಣ್ಣೀರ ತಟ್ಟೆಯಲ್ಲಿಟ್ಟು ಬೇಗ ತಣಿಸಿ ಫ್ರಿಜ್ಜಿಗೆ ಸೇರಿಸಿ. ಕೊಡುವಾಗ ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ. ಲೋಟದಲ್ಲಿ ಉಳಿದದ್ದನ್ನು ಮತ್ತೆ ಪಾತ್ರೆಗೆ ಸುರಿಯಬಾರದು. ಕರೆಂಟ್ ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದೆ ಬಿಟ್ಟರೆ ನಾಲ್ಕು ತಾಸು ತಂಪು ನಿಲ್ಲುತ್ತದೆ. ಬೇಸಿಗೆಯಲ್ಲಿ ಹೊರಗಿಡಬಹುದಾದ ಯುಎಚ್‌ಟಿ ಹಾಲಿನ ಒಂದೆರಡು ಪ್ಯಾಕೆಟ್ ಮನೆಯಲ್ಲಿರಲಿ, ತೆರೆದ ಮೇಲೆ ಅದಕ್ಕೂ ಫ್ರಿಜ್ಜೇ ಬೇಕು. ಸಕ್ಕರೆ, ಚಾಕೊಲೇಟ್ ಪುಡಿ ಹಾಕಬೇಡಿ. ಒಂದು ಮಗುವಿಗೆ ಹಾಕಿದರೆ ನಾಳೆ ಆರೂ ಮಕ್ಕಳಿಗೆ ಹಾಕಬೇಕಾಗುತ್ತದೆ.

ಮಜ್ಜಿಗೆ ಮಧ್ಯಾಹ್ನದ ಊಟದ ಜೊತೆಗೆ. ಒಂದು ಪಾಲು ಮೊಸರಿಗೆ ಮೂರು ಪಾಲು ಕುದಿಸಿ ಆರಿಸಿದ ನೀರು, ಆರು ಲೋಟಕ್ಕೆ ಒಂದು ಚಿಟಿಕೆ ಉಪ್ಪು, ಬೇಕೆಂದರೆ ಹುರಿದ ಜೀರಿಗೆ ಪುಡಿ. ಹಸಿಮೆಣಸಿನಕಾಯಿ ಬೇಡ. ಕಡೆದ ಮೇಲೆ ತಾಸಿನೊಳಗೆ ಮುಗಿಸಿ, ಬೇಸಿಗೆಯಲ್ಲಿ ಹುಳಿ ಬಹಳ ಬೇಗ ಏರುತ್ತದೆ. ಅಂಬಲಿಗೆ 200 ಮಿ.ಲೀ. ನೀರಿಗೆ ಒಂದು ದೊಡ್ಡ ಚಮಚ ರಾಗಿ ಅಥವಾ ಜೋಳದ ಹಿಟ್ಟು. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ನೀರಿಗೆ ಸುರಿದು, ಆರೇಳು ನಿಮಿಷ ಕೈಯಾಡಿಸಿ ಬೇಯಿಸಿ. ಸರಿಯಾಗಿ ಬೇಯದ ಅಂಬಲಿ ಹಿಟ್ಟಿನ ವಾಸನೆ ಹೊಡೆಯುತ್ತದೆ, ಮಕ್ಕಳು ಒಮ್ಮೆ ಬೇಡವೆಂದರೆ ಮತ್ತೆ ಮುಟ್ಟುವುದಿಲ್ಲ.

ಚಾ ಕೊಡಬೇಡಿ. ನಮ್ಮ ಭಾಗದಲ್ಲಿ ಒಂದೂವರೆ ವರ್ಷದ ಮಗುವಿಗೂ ಬಸಿಯಲ್ಲಿ ಚಾ ಹಾಕಿ ಬಿಸ್ಕೀಟು ಅದ್ದಿ ತಿನ್ನಿಸುವ ರೂಢಿಯಿದೆ. ಚಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ, ಕೆಫೀನ್ ನಿದ್ದೆ ಕೆಡಿಸುತ್ತದೆ. ‘ಅಕ್ಕಾರ, ನಮ್ಮ ಹುಡುಗ ಚಾ ಬಿಟ್ಟು ಏನೂ ಕುಡ್ಯಂಗಿಲ್ರಿ’ ಎಂದು ಮಗುವಿನ ಅಜ್ಜಿ ಹೇಳಿದರೆ ವಾದಕ್ಕಿಳಿಯಬೇಡಿ. ‘ಮನ್ಯಾಗ ನಿಮ್ಮಿಷ್ಟ, ಆಯಿ. ಇಲ್ಲಿ ಮಾತ್ರ ಯಾ ಕೂಸಿಗೂ ಚಾ ಇಲ್ರಿ. ನಾಕ್ ದಿನ ಹಾಲು, ಅಂಬಲಿ ಕೊಟ್ಟು ನೋಡೂಣು’ ಎಂದರೆ ಮಾತು ಮುಗಿಯುತ್ತದೆ. ಹತ್ತಿರ ಕುಳಿತವರೆಲ್ಲ ಹಾಲು ಕುಡಿಯುವುದನ್ನು ನೋಡಿದ ಮಗು ವಾರದೊಳಗೆ ತಾನೂ ಲೋಟ ಹಿಡಿಯುತ್ತದೆ.

ಟೆಟ್ರಾ ಪ್ಯಾಕಿನ ಜ್ಯೂಸ್, ಬಣ್ಣದ ಶರಬತ್ತು, ಸೋಡಾ ಯಾವುದೂ ಬೇಡ. ಮನೆಯಲ್ಲೇ ಹಿಂಡಿದ ಹಣ್ಣಿನ ರಸವೂ ಒಂದು ವರ್ಷದೊಳಗೆ ಬೇಡ, ಮೂರು ವರ್ಷದವರೆಗೆ ದಿನಕ್ಕೆ 120 ಮಿ.ಲೀ. ಮೀರಬಾರದು. ರಸಕ್ಕಿಂತ ಹಣ್ಣೇ ಮೇಲು. ವಿಜಯಪುರದ ದ್ರಾಕ್ಷಿ ಕೊಡುವುದಾದರೆ ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಿ, ಇಡೀ ಹಣ್ಣು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಯುಗಾದಿಗೆ, ರಾಮನವಮಿಗೆ ಪಾನಕ-ಕೋಸಂಬರಿ ಮಾಡಿದ ದಿನ ಎಲ್ಲರಿಗೂ ಅರ್ಧ ಲೋಟ ಕೊಡಬಹುದು. ಹಬ್ಬದ ಪಾನಕವನ್ನೂ ನಿಯಮದಲ್ಲಿ ಸೇರಿಸಿ ಬಿಗಿಯಬೇಕಿಲ್ಲ.

ಮನೆಯಿಂದ ಬರಬೇಕಾದದ್ದು

ಎದೆಹಾಲು ತಾಯಿಯೇ ತರಬೇಕು. 60-90 ಮಿ.ಲೀ. ಪಾಲು ಮಾಡಿ, ಮುಚ್ಚಳ ಬಿಗಿಯಿರುವ ಚಿಕ್ಕ ಡಬ್ಬಿಗಳಲ್ಲಿ, ಪ್ರತಿಯೊಂದರ ಮೇಲೂ ಕೂಸಿನ ಹೆಸರು, ಹಿಂಡಿದ ದಿನ, ತಾಸು ಬರೆದಿರಬೇಕು. 25 ಡಿಗ್ರಿಯೊಳಗೆ ನಾಲ್ಕು ತಾಸು ಹೊರಗಿಡಬಹುದು ಎಂಬ ಲೆಕ್ಕ ನಮ್ಮ ಬೇಸಿಗೆಗೆ ಹೊಂದುವುದಿಲ್ಲ, ಐಸ್ ಪ್ಯಾಕ್ ಇರುವ ಡಬ್ಬದಲ್ಲೇ ತರಲಿ. ನಿಮ್ಮ ಫ್ರಿಜ್ಜಿನ ಒಳಭಾಗದಲ್ಲಿ, ಬಾಗಿಲಿನ ಕಪಾಟಿನಲ್ಲಲ್ಲ, ನಾಲ್ಕು ದಿನದವರೆಗೆ ಇಡಬಹುದು. ಕೊಡುವಾಗ ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೂ ಬೇಡ, ಮೈಕ್ರೋವೇವೂ ಬೇಡ. ಮೇಲೆ ಕಟ್ಟಿದ ಕೊಬ್ಬು ಸೇರುವಂತೆ ನಿಧಾನವಾಗಿ ತಿರುಗಿಸಿ. ಒಳಲೆಯಿಂದಲೋ ಪುಟ್ಟ ಲೋಟದಿಂದಲೋ ಕುಡಿಸಿ. ಬಾಯಿ ಹಚ್ಚಿದ ಹಾಲು ಎರಡು ತಾಸಿನ ಮೇಲೆ ಚೆಲ್ಲಲೇಬೇಕು, ಎಷ್ಟೇ ಸಂಕಟವಾದರೂ. ಪಾಲು ಚಿಕ್ಕದಿರಲಿ ಎಂದದ್ದು ಇದಕ್ಕೇ. ಅಪ್ಪಿತಪ್ಪಿ ಒಂದು ಕೂಸಿನ ಎದೆಹಾಲು ಇನ್ನೊಂದಕ್ಕೆ ಹೋದರೆ ಅಂದೇ ಎರಡೂ ಮನೆಯವರಿಗೆ ಹೇಳಿ ವೈದ್ಯರನ್ನು ಕೇಳಲು ತಿಳಿಸಿ. ಮುಚ್ಚಿಡಬಾರದು.

ಪುಡಿಹಾಲು ಕುಡಿಯುವ ಕೂಸಾದರೆ ಮನೆಯಲ್ಲೇ ಕಲಸಿ ತರುವುದು ಬೇಡ. ಒಂದು ಹೊತ್ತಿಗೆ ಬೇಕಾದ ಪುಡಿಯನ್ನು ಅಳೆದು ಒಣ ಡಬ್ಬಿಗಳಲ್ಲಿ ಹಾಕಿ, ಮೂಲ ಡಬ್ಬದ ಅಳತೆಯ ಚೀಟಿಯನ್ನೂ ಕೊಡಲಿ. ನೀವು ನೀರು ಕುದಿಸಿ, ಮುಚ್ಚಿಟ್ಟು, ಅರ್ಧ ತಾಸು ಮೀರದಂತೆ, ಅದು ಇನ್ನೂ 70 ಡಿಗ್ರಿಯಷ್ಟು ಬಿಸಿಯಿರುವಾಗಲೇ ಪುಡಿ ಸೇರಿಸಿ. ಪುಡಿಯಲ್ಲೇ ಇರಬಹುದಾದ ರೋಗಾಣು ಸಾಯುವುದು ಆ ಬಿಸಿಗೆ. ಆಮೇಲೆ ಬಾಟಲಿಯನ್ನು ತಣ್ಣೀರಲ್ಲಿಟ್ಟು ಆರಿಸಿ, ಮುಂಗೈ ಮೇಲೆ ಹನಿ ಹಾಕಿ ನೋಡಿ ಕುಡಿಸಿ. ಪುಡಿ ಉಳಿಸಲು ನೀರು ಹೆಚ್ಚಿಸಿದರೆ ಕೂಸು ಸೊರಗುತ್ತದೆ, ದಪ್ಪ ಮಾಡಿದರೆ ಮಲಬದ್ಧತೆ. ಸವಳು ಬೋರ್ ನೀರನ್ನು ಇದಕ್ಕೆ ಬಳಸಲೇಬೇಡಿ. ನೈಟ್ರೇಟ್ ಹೆಚ್ಚಿದ್ದರೆ ಚಿಕ್ಕ ಕೂಸಿನ ರಕ್ತದಲ್ಲಿ ಆಮ್ಲಜನಕ ಸಾಗದೆ ಮೈ ನೀಲಿಗಟ್ಟುತ್ತದೆ, ಕುದಿಸಿದರೆ ನೈಟ್ರೇಟೂ ಹೋಗುವುದಿಲ್ಲ. ಯಾವ ಕಂಪನಿಯ ಪುಡಿ ಒಳ್ಳೆಯದೆಂದು ಪಾಲಕರು ಕೇಳಿದರೆ ಹೆಸರು ಹೇಳಬೇಡಿ. ಪುಡಿಹಾಲು ಮತ್ತು ಹಾಲಿನ ಬಾಟಲಿಗಳ ಪ್ರಚಾರವನ್ನು 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ತಡೆದಿದೆ, ಯಾವ ಪುಡಿ ಎಂಬುದು ವೈದ್ಯರು ಹೇಳುವ ಮಾತು. ಒಂದು ವರ್ಷದೊಳಗೆ ಆಕಳ-ಎಮ್ಮೆಯ ಹಾಲನ್ನು ಮುಖ್ಯ ಹಾಲಾಗಿ ಕೊಡುವುದೂ ಬೇಡ.

ಜೇನು, ಘುಟ್ಟಿ, ಗ್ರೈಪ್ ವಾಟರ್ ತಂದುಕೊಟ್ಟು ‘ಅಳುವಾಗ ಒಂದು ಚಮಚ ಹಾಕ್ರಿ’ ಎಂದರೆ ತೆಗೆದುಕೊಳ್ಳಬೇಡಿ. ಒಂದು ವರ್ಷದೊಳಗೆ ಜೇನಿನಿಂದ ಬಾಟುಲಿಸಂ ಎಂಬ ಜೀವಕ್ಕೆ ಅಪಾಯದ ರೋಗ ಬರಬಹುದು.

ಓಆರ್‌ಎಸ್ ಪೊಟ್ಟಣ ನಿಮ್ಮ ಮನೆಯಲ್ಲೂ ಎರಡಿರಲಿ. ಮಗುವಿಗೆ ಭೇದಿ ಶುರುವಾದರೆ ಪಾಲಕರಿಗೆ ಫೋನ್ ಮಾಡಿ, ಅವರು ಬರುವವರೆಗೆ ಚಮಚದಲ್ಲಿ ಕೊಡುತ್ತಿರಿ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು, ಚಿಕ್ಕದಕ್ಕೆ 200 ಮಿ.ಲೀ., ಪೊಟ್ಟಣದ ಮೇಲೆ ಬರೆದಿದೆ. ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಕಲಸಬೇಡಿ. ಕಲಸಿದ್ದು 24 ತಾಸಿನ ಮೇಲೆ ಚೆಲ್ಲಿ. ಪೆಟ್ಟಿಗೆಯಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅವು ಆ ಹೆಸರು ಬಳಸಕೂಡದೆಂದು 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಆದೇಶವನ್ನೇ ಮಾಡಿತು.

ದುಡ್ಡಿನ ಲೆಕ್ಕ

ಹಾಲಿನ ಖರ್ಚನ್ನು ಪಾಲಕರಿಗೆ ಹೇಳಲು ಮುಜುಗರ ಬೇಡ. ಆರು ಮಕ್ಕಳಿಗೆ 150 ಮಿ.ಲೀ.ನಂತೆ ದಿನಕ್ಕೆ 900 ಮಿ.ಲೀ., ತಿಂಗಳಿಗೆ 24 ದಿನವೆಂದರೆ 21.6 ಲೀಟರ್. ಲೀಟರಿಗೆ 50 ರೂಪಾಯಿ ಎಂದು ಹಿಡಿದರೆ 1,080 ರೂಪಾಯಿ, ಮಗುವಿಗೆ 180. ನಿಮ್ಮ ಊರಿನ ಇಂದಿನ ದರ ಹಾಕಿ ಇದೇ ಲೆಕ್ಕ ಮಾಡಿ. ಮೊಸರು, ಹಿಟ್ಟು, ನೀರಿನ ಕ್ಯಾನ್, ಗ್ಯಾಸ್ ಸೇರಿಸಿ. ಬಂದ ಮೊತ್ತವನ್ನು ತಿಂಗಳ ಫೀಯಲ್ಲೇ ಸೇರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಬೇರೆಯಾಗಿ ತೆಗೆದುಕೊಂಡರೆ ‘ನಮ್ಮ ಮಗು ನಿನ್ನೆ ಹಾಲು ಕುಡಿದಿಲ್ಲ’ ಎಂಬ ದಿನದಿನದ ಲೆಕ್ಕ ಶುರುವಾಗುತ್ತದೆ. ಪಾಲಕರು ಪಾಳಿಯ ಮೇಲೆ ಹಾಲು ತರುವ ಏರ್ಪಾಡು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಒಬ್ಬರು ಊರಿಗೆ ಹೋದ ದಿನ ಹಾಲಿಲ್ಲ, ಒಬ್ಬರದು ನೀರು ಹಾಲು, ಒಬ್ಬರದು ಗಟ್ಟಿ ಎಮ್ಮೆ ಹಾಲು, ಯಾರದರಿಂದ ಹೊಟ್ಟೆ ಕೆಟ್ಟಿತೆಂಬ ಗುಮಾನಿ ಬೇರೆ. ಪಾಳಿ ಬೇಡ. ಲೋಟದ ದುಡ್ಡನ್ನು ಸೇರುವಾಗ ಒಮ್ಮೆ ತೆಗೆದುಕೊಳ್ಳಬಹುದು, ಆಗ ಮಗು ಬಿಡುವಾಗ ಲೋಟ ಅದರ ಜೊತೆ ಹೋಗಬೇಕು. ನೀವೇ ಕೊಂಡದ್ದಾದರೆ ನಿಮ್ಮಲ್ಲೇ ಉಳಿಯುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಬರೆದಿಡಿ.

ಬರೆದುಕೊಡುವ ಚೀಟಿ ಅರ್ಧ ಪುಟ ಮೀರಬೇಕಿಲ್ಲ. ಹೀಗಿರಬಹುದು:

‘ನೀರು, ಲೋಟ, ದಿನಕ್ಕೊಮ್ಮೆ 150 ಮಿ.ಲೀ. ಹಾಲು, ಊಟಕ್ಕೆ ಮಜ್ಜಿಗೆ ಅಥವಾ ಅಂಬಲಿಯನ್ನು ನಾವು ಕೊಡುತ್ತೇವೆ, ಖರ್ಚು ಫೀಯಲ್ಲಿ ಸೇರಿದೆ. ಒಂದು ವರ್ಷದೊಳಗಿನ ಕೂಸಿನ ಎದೆಹಾಲು, ಹಾಲುಪುಡಿ, ಒಳಲೆ ಅಥವಾ ಬಾಟಲಿಯನ್ನು ಪಾಲಕರು ಹೆಸರು ಬರೆದು ತರಬೇಕು, ಸಂಜೆ ಒಯ್ಯಬೇಕು. ಚಾ, ಕಾಫಿ, ಜ್ಯೂಸ್ ಪ್ಯಾಕೆಟ್, ತಂಪು ಪಾನೀಯ, ಸಕ್ಕರೆ ಹಾಕಿದ ಹಾಲು ತರಬೇಡಿ. ತಂದರೆ ಕೊಡದೆ ಹಾಗೇ ವಾಪಸು ಕಳಿಸುತ್ತೇವೆ. ಹಾಲು ಒಗ್ಗದ ಮಗುವಿದ್ದರೆ ಮೊದಲೇ ತಿಳಿಸಿ, ವೈದ್ಯರ ಚೀಟಿ ಕೊಡಿ. ಬದಲಿ ಪಾನೀಯ ಪಾಲಕರದು. ನಾವು ಬಳಸುವ ಕುಡಿಯುವ ನೀರು: ________. ಮಗುವಿನ ಲೋಟದ ಗುರುತು: ________.’

ಕೆಳಗೆ ಎರಡೂ ಕಡೆಯ ಸಹಿ, ತಾರೀಖು. ಒಂದು ಪ್ರತಿ ಅವರಿಗೆ, ಒಂದು ನಿಮಗೆ. ಓದಲು ಬಾರದ ಅಜ್ಜಿ-ಅಜ್ಜಂದಿರು ಮಗುವನ್ನು ಬಿಡಲು ಬರುವುದಿದ್ದರೆ ಅವರಿಗೆ ಬಾಯಲ್ಲಿ ಒಮ್ಮೆ ಓದಿ ಹೇಳಿ. ಮಗುವಿನ ಕೈಗೆ ಜ್ಯೂಸ್ ಪ್ಯಾಕೆಟ್ ಕೊಟ್ಟು ಕಳಿಸುವವರು ಹೆಚ್ಚಾಗಿ ಅವರೇ. ಜ್ಯೂಸ್ ಪ್ಯಾಕೆಟ್ ಬಂದೇಬಿಟ್ಟರೆ ಮಗುವಿನ ಎದುರಿಗೆ ಕಸಿಯಬೇಡಿ. ಬಾಗಿಲಲ್ಲೇ, ಬಿಡಲು ಬಂದವರ ಕೈಯಿಂದಲೇ ವಾಪಸು ಮಾಡಿಸಿ.

ಒಂದು ವರ್ಷದೊಳಗಿನ ಪ್ರತಿ ಕೂಸಿಗೆ ಒಂದು ನೋಟ್‌ಬುಕ್ ಇರಲಿ. ಎಷ್ಟು ಹೊತ್ತಿಗೆ, ಏನು, ಎಷ್ಟು ಮಿ.ಲೀ. ಕುಡಿಯಿತು, ಎಷ್ಟು ಚೆಲ್ಲಿದಿರಿ ಎಂದು ಆಗಲೇ ಬರೆಯಿರಿ, ಸಂಜೆ ನೆನಪಿನಿಂದ ಬರೆಯುವುದಲ್ಲ. ಎಷ್ಟು ಸಲ ಉಚ್ಚೆ ಮಾಡಿತು ಎಂಬುದನ್ನೂ ಸೇರಿಸಿ. ಬೇಸಿಗೆಯಲ್ಲಿ ನೀರು ಸಾಕಾಗುತ್ತಿದೆಯೋ ಇಲ್ಲವೋ ಎಂಬುದು ಅದರಿಂದಲೇ ತಿಳಿಯುತ್ತದೆ. ಆರು ತಾಸು ಉಚ್ಚೆ ಇಲ್ಲದಿದ್ದರೆ, ಬಾಯಿ ಒಣಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ ಪಾಲಕರನ್ನು ಕಾಯದೆ ದವಾಖಾನೆಗೆ ಒಯ್ಯಿರಿ.

ಏರ್ಪಾಡನ್ನು ವರ್ಷಕ್ಕೆರಡು ಸಲ ತಿರುಗಿ ನೋಡಿ. ಶಿವರಾತ್ರಿ ದಾಟಿದ ಮೇಲೆ ನೀರಿನ ಅಳತೆ ಹೆಚ್ಚಿಸಿ, ಹಾಲು ಕೊಡುವ ಹೊತ್ತನ್ನು ಮಧ್ಯಾಹ್ನದಿಂದ ಬೆಳಿಗ್ಗೆ ಹತ್ತಕ್ಕೆ ತನ್ನಿ, ಮಜ್ಜಿಗೆಯನ್ನು ದಿನಕ್ಕೆರಡು ಸಲ ಮಾಡಿ. ಜೂನ್ ತಿಂಗಳಲ್ಲಿ ಮಿರಗದ ಮಳೆ ಬಿದ್ದ ಮೇಲೆ ನಳದ ನೀರು ಕೆಂಪಾಗಿ ಬರುತ್ತದೆ. ಆಗ ಒಂದು ರಾತ್ರಿ ತಿಳಿಯಲು ಬಿಟ್ಟು, ಮೇಲಿನ ನೀರನ್ನಷ್ಟೇ ಬಗ್ಗಿಸಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕುದಿಸಿ. ಮನೆಯ ಆರ್‌ಒ ಯಂತ್ರದ ಮೊದಲ ಫಿಲ್ಟರ್ ಆ ತಿಂಗಳಲ್ಲೇ ಕಟ್ಟಿಕೊಳ್ಳುವುದರಿಂದ ಜೂನ್ ಶುರುವಿಗೆ ಹೊಸದನ್ನು ತಂದಿಟ್ಟುಕೊಳ್ಳಿ.